ಬರ್ನ್ಟ್ ಫಾರೆಸ್ಟ್‌ನಲ್ಲಿ ನಾವು ಮನೆ ಕಟ್ಟಿದ್ದು

2007ರ ಡಿಸೆಂಬರ್ ಚುನಾವಣೆ ಮುಗಿದದ್ದೇ ತಡ, ಕೀನ್ಯಾ ಹೊತ್ತಿ ಉರಿಯಿತು. ಸಾವಿರಕ್ಕೂ ಜಾಸ್ತಿ ಜನ ಸತ್ತರು, ಸುಮಾರು 6 ಲಕ್ಷ ಜನ ಮನೆಮಠ ಬಿಟ್ಟು ಓಡಿದರು. 2008ರ ಫೆಬ್ರವರಿ 28ಕ್ಕೆ ವಿಶ್ವಸಂಸ್ಥೆಯ ಮಾಜಿ ಮುಖ್ಯಸ್ಥ ಕೋಫಿ ಅನ್ನಾನ್ ಮುಂದೆ ಅಧ್ಯಕ್ಷ ಕಿಬಾಕಿ ಮತ್ತು ವಿರೋಧ ಪಕ್ಷದ ನಾಯಕ ಒಡಿಂಗಾ ಅಧಿಕಾರ ಹಂಚಿಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿದರು. ಮೇ ತಿಂಗಳಿಂದ ಸರ್ಕಾರ ಜನರನ್ನು ಶಿಬಿರಗಳಿಂದ ಊರಿಗೆ ಕಳಿಸಲು ಶುರು ಮಾಡಿತು. ಆದರೆ ಊರಲ್ಲಿ ಮನೆ ಎಲ್ಲಿತ್ತು? ಹಗಲು ಹೊಲದಲ್ಲಿ ಕೆಲಸ, ರಾತ್ರಿ ಮತ್ತೆ ಟೆಂಟು. ಒಂದು ಚಿಕ್ಕ ಸೇವಾ ಸಂಸ್ಥೆಯ ಸೈಟ್ ಇಂಜಿನಿಯರ್ ಆಗಿ ಎಲ್ಡೊರೆಟ್ ನಗರದ ಹತ್ತಿರದ ಬರ್ನ್ಟ್ ಫಾರೆಸ್ಟ್ ಅನ್ನೋ ಊರಿಗೆ ನಾನು ಹೋಗಿದ್ದು ಆಗಲೇ.

ಕಟ್ಟಡದ ಕೆಲಸ ಸುಲಭದ್ದು. ನೀಲಗಿರಿ ಕಂಬ, ತಡಿಕೆ ಗೋಡೆ, ಮೇಲೆ ಮಬಾಟಿ, ಅಂದ್ರೆ ತಗಡು. ಸಮುದ್ರಮಟ್ಟದಿಂದ 2,000 ಮೀಟರ್‌ಗೂ ಎತ್ತರದ ಜಾಗ, ಮಳೆ ಬಂದರೆ ಚಳಿ ಕೊರೆಯುತ್ತೆ. ಅದಕ್ಕೇ ಮೊದಲು ಕಂಬ ನಿಲ್ಲಿಸಿ ತಗಡು ಹೊದಿಸುತ್ತಿದ್ದೆವು. ಆಮೇಲೆ ಸೂರಿನ ಕೆಳಗೆ ಮನೆಯವರೇ ನಿಧಾನವಾಗಿ ಮಣ್ಣು ಮೆತ್ತಿಕೊಳ್ಳುತ್ತಿದ್ದರು. ತಗಡು, ಮೊಳೆ, ಬಾಗಿಲು ಇಷ್ಟಕ್ಕೇ ನಮ್ಮ ದುಡ್ಡು.

ಕಷ್ಟ ಇದ್ದದ್ದು ಯಾರಿಗೆ ಮನೆ ಅನ್ನೋ ಪಟ್ಟಿಯಲ್ಲಿ. ಅಲ್ಲಿ ಸುಟ್ಟ ಮನೆಗಳಲ್ಲಿ ಹೆಚ್ಚಿನವು ಕಿಕುಯು ಜನಾಂಗದವರವು, ಅಕ್ಕಪಕ್ಕದವರು ಗಲಭೆಯಲ್ಲಿ ಅವರಿಗೆ ಎದುರಾಗಿದ್ದ ಕಲೆಂಜಿನ್ ಜನಾಂಗದವರು. ಒಂದೇ ಕಡೆಯವರಿಗೆ ಹೊಸ ತಗಡು ಹೊಳೆಯುತ್ತಿದ್ದರೆ ಪಕ್ಕದವನಿಗೆ ಹೊಟ್ಟೆ ಉರಿಯುತ್ತೆ, ಅಲ್ವಾ? ಸುಟ್ಟ ಮನೆ ಯಾರದ್ದಾದರೂ ಪಟ್ಟಿ ಒಂದೇ ಅಂತ ನಾನು ಹಟ ಹಿಡಿದೆ. ಬರಾಜಾದಲ್ಲಿ, ಅಂದ್ರೆ ಊರ ಸಭೆಯಲ್ಲಿ, ಎಲ್ಲರ ಮುಂದೆ ಹೆಸರು ಓದಿಸಿದೆವು. ಫುಂಡಿಗಳನ್ನೂ (ಬಡಗಿ, ಮೇಸ್ತ್ರಿಗಳನ್ನು) ಎರಡೂ ಕಡೆಯಿಂದ ತೆಗೆದುಕೊಂಡೆವು. ಶನಿವಾರ ಒಂದೇ ಮರದಡಿ ಕೂರಿಸಿ ಬಟವಾಡೆ. ಮೊದಮೊದಲು ಎರಡು ಗುಂಪು, ಮಧ್ಯೆ ಖಾಲಿ ಜಾಗ. ಸ್ನೇಹ ಬೆಳೆಯಿತು ಅಂತ ಸುಮ್ನೆ ಹೇಳಲಾರೆ. ಆದರೆ ತಾವೇ ಹೊದಿಸಿದ ಸೂರಿನ ಮೇಲೆ ಯಾರೂ ಕಲ್ಲು ಎಸೆಯಲಿಲ್ಲ.

ನಮ್ಮ ನಕ್ಷೆಯಲ್ಲಿ ಒಂದೇ ಬಾಗಿಲಿತ್ತು. ಒಬ್ಬ ಅಜ್ಜಿ ಸುಣ್ಣದಲ್ಲಿ ಗುರುತು ಹಾಕಿದ್ದ ಜಾಗಕ್ಕೆ ಬಂದು ಹಿಂದುಗಡೆ ಹೋಗಿ ನಿಂತಳು. ಕೋಲಿನಿಂದ ನೆಲದ ಮೇಲೆ ಎರಡು ಗೀರು ಎಳೆದು, “ಇಲ್ಲೂ ಒಂದು ಬಾಗಿಲು ಬೇಕು” ಅಂದಳು. ಯಾಕೆ ಅಂತ ಯಾರೂ ಕೇಳಲಿಲ್ಲ. ಮಾರನೇ ದಿನ ಉಳಿದವರೂ ಅದನ್ನೇ ಕೇಳಿದರು. ಎರಡನೇ ಬಾಗಿಲಿಗೆ ಬಜೆಟ್ ಇರಲಿಲ್ಲ. ಒಂದು ಕಿಟಕಿ ಕಡಿಮೆ ಮಾಡಿ, ಬಾಗಿಲನ್ನು ಅಗ್ಗದ ಹಲಗೆಯಲ್ಲಿ ಮಾಡಿಸಿದೆವು. ಕೋಣೆ ಕತ್ತಲಾಗುತ್ತೆ ಅಂತ ಹೆಡ್ ಆಫೀಸಿನವರು ಬರೆದರು. ಆಗುತ್ತೆ, ಆದರೆ ಜನ ಎರಡನೇ ಬಾಗಿಲನ್ನೇ ಕೇಳುತ್ತಿದ್ದಾರೆ ಅಂತ ಉತ್ತರ ಹಾಕಿದೆ.