ಬಿಳಿ ಬಟ್ಟೆ ಎಳೆದು ಉಣುಗು ಹುಡುಕಿದ್ದು

"ಮಾಸ್ಟ್ರೆ, ಉಣುಗು ಹುಡುಕ್ಲಿಕ್ಕೆ ಗುಡ್ಡೆಗೆ ಯಾಕೆ ಹೋಗ್ತೀರಿ? ನಮ್ಮ ದನದ ಹಟ್ಟಿಯಲ್ಲೇ ಬೇಕಾದಷ್ಟು ಉಂಟಲ್ಲ!"

ಕಾಸರಗೋಡಿನ ದೇಲಂಪಾಡಿಯಲ್ಲಿ ಪಕ್ಕದ ಮನೆಯ ಅಕ್ಕ ಹೀಗೆ ಕೇಳಿದರು. ಒಳ್ಳೆಯ ಪ್ರಶ್ನೆ. ಉತ್ತರ ಹೇಳಲು ನನಗೆ ಒಂದು ಬೇಸಿಗೆಯೇ ಬೇಕಾಯಿತು.

ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬದ ಕ್ಯಾಸನೂರು ಕಾಡಿನಲ್ಲಿ. 1982ರ ಹೊತ್ತಿಗೆ ಬೆಳ್ತಂಗಡಿಯಲ್ಲಿ ಕಾಣಿಸಿತು, 2015ರಲ್ಲಿ ವಯನಾಡಿನಲ್ಲಿ ಹಲವರನ್ನು ಕಾಡಿತು. ಕಾಸರಗೋಡು ಇವೆರಡರ ನಡುವೆ ಇದೆ ಅಲ್ವಾ? ಸುಮ್ನೆ ಕೂರಲು ಮನಸ್ಸಾಗಲಿಲ್ಲ.

ಒಂದು ಮೀಟರ್ ಬಿಳಿ ಫ್ಲಾನೆಲ್ ಬಟ್ಟೆಯನ್ನು ಕೋಲಿಗೆ ಕಟ್ಟಿದೆ. ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ತುರುಕಿದೆ. ಜನವರಿಯಲ್ಲಿ, ಇಬ್ಬನಿ ಆರಿದ ಮೇಲೆ ಹೊರಡುತ್ತಿದ್ದೆ. ಒದ್ದೆ ಬಟ್ಟೆಗೆ ಉಣುಗು ಹತ್ತುವುದು ಕಡಿಮೆ. ನೆಲಕ್ಕೆ ತಾಗಿಸಿ ಎಳೆದು, ಹತ್ತು ಹೆಜ್ಜೆಗೊಮ್ಮೆ ತಿರುಗಿಸಿ ನೋಡುವುದು. ಮರಿ ಉಣುಗು ಸಾಸಿವೆ ಕಾಳಿಗಿಂತ ಚಿಕ್ಕದು, ಕಣ್ಣು ತಪ್ಪಿಸುತ್ತದೆ. ಚಿಮಟದಲ್ಲಿ ಹಿಡಿದು ಸ್ಪಿರಿಟ್ ಬಾಟಲಿಗೆ ಹಾಕುತ್ತಿದ್ದೆ. ಬೆರಳಲ್ಲಿ ಒಂದನ್ನೂ ಜಜ್ಜಲಿಲ್ಲ.

ಕಲ್ಲುಹಾಸಿನ ಪಾರೆಯ ಮುಳಿಹುಲ್ಲಿನಲ್ಲಿ ಏನೂ ಸಿಗಲಿಲ್ಲ. ಅಡಿಕೆ ತೋಟದೊಳಗೂ ಇಲ್ಲ. ಕಾಡಿನಂಚಿನಲ್ಲಿ, ದನ ಹೋಗಿ ಬರುವ ದಾರಿಯ ತರಗೆಲೆಯಲ್ಲಿ ಮಾತ್ರ ಜಾಸ್ತಿ. ನಾವು ಹಟ್ಟಿಗೆ ತರಗೆಲೆ ಗುಡಿಸುವುದೂ ಅಲ್ಲೇ, ಅದೇ ತಿಂಗಳಲ್ಲೇ. ಅದನ್ನು ನೋಡಿದಾಗ ನನಗೆ ನಿಜಕ್ಕೂ ಭಯವಾಯಿತು.

ಅಕ್ಕನ ಹಟ್ಟಿಯ ಉಣುಗು ಬೇರೆ. ಅದು ಮರಿಯಾಗಿದ್ದಾಗ ದನದ ಮೈ ಹತ್ತಿದರೆ ಬೆಳೆದು ದೊಡ್ಡದಾಗುವವರೆಗೂ ಅಲ್ಲೇ. ಮನುಷ್ಯರ ತಂಟೆಗೆ ಬರುವುದು ಅಪರೂಪ. ನಾಯಿಯ ಕಂದು ಉಣುಗು ಗೋಡೆಯ ಬಿರುಕಿನಲ್ಲೂ ಇರುತ್ತದೆ, ಕೆಲವೊಮ್ಮೆ ಮೈಮೇಲೆ ಕೆಂಪು ಕಲೆಗಳೇಳುವ ಜ್ವರ ಹರಡುತ್ತದೆ. ಕಾಡಿನದ್ದು ಬದುಕಿನಲ್ಲಿ ಮೂರು ಬೇರೆ ಬೇರೆ ಪ್ರಾಣಿಗಳ ಮೈ ಹತ್ತುತ್ತದೆ. ಮೊದಲು ಇಲಿ, ಹಕ್ಕಿ, ಮಂಗ. ಬೇಸಿಗೆಯ ಮರಿಗಳಿಗೆ ದಾರಿಯಲ್ಲಿ ಸಿಕ್ಕ ಮನುಷ್ಯನೂ ಆದೀತು. ಮಳೆಗಾಲದಲ್ಲಿ, ಬೆಳೆದ ಮೇಲೆ, ದನ.

ನನ್ನ ಬಾಟಲಿಯಲ್ಲಿದ್ದವು ಹಿಮಾಫೈಸಾಲಿಸ್ ಗುಂಪಿನವು. ಮಂಗನ ಕಾಯಿಲೆ ಹರಡುವ ಸ್ಪಿನಿಜೆರಾ ಎಂಬ ಜಾತಿ ಕೂಡ ಇದೇ ಗುಂಪಿನದ್ದು. ಮರಿಯ ಜಾತಿ ಹೇಳುವುದು ತಜ್ಞರ ಕೆಲಸ. ಉಣುಗು ಇದ್ದಲ್ಲೆಲ್ಲ ರೋಗ ಇದೆ ಎಂದೂ ಅಲ್ಲ.

ಕೈಯಲ್ಲಿ ಬರೆದ ನಕ್ಷೆಯನ್ನು ಅಕ್ಕನಿಗೆ ತೋರಿಸಿದೆ. "ಹಾಗಾದ್ರೆ ದನದ ದಾರಿಯ ತರಗೆಲೆ ಬೇಡ, ತೋಟದ ಬದಿಯದ್ದೇ ಸಾಕು" ಎಂದರು. ಜೂನಿನಲ್ಲಿ ದನ ಗುಡ್ಡೆಯಿಂದ ಇಳಿದ ಕೂಡಲೇ ಕಿವಿ ನೋಡಬೇಕು ಎಂದು ಇಬ್ಬರೂ ಮಾತಾಡಿಕೊಂಡಿದ್ದೇವೆ.