ಮೆಂತ್ಯದ ಚೀಸು, ಜೋನಿ ಬೆಲ್ಲ

ನಾವಿರೋದು ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿ. ಅಪ್ಪ ಅಮ್ಮ ಸಾಗರದಿಂದ ಮೂರು ತಿಂಗಳಿಗೆ ಅಂತ ಬಂದಿದ್ದರು. ಬಂದ ವಾರವೇ ನಾನು ಐದು ಥರದ ಚೀಸ್ ತಂದು, ಮರದ ಮಣೆ ಮೇಲೆ ಚಂದ ಜೋಡಿಸಿ ಮುಂದಿಟ್ಟೆ. ನಟ್ಟನಡುವೆ ನೀಲಿ ಗೆರೆಯದ್ದು.

"ಬೂಷ್ಟು ಹಿಡಿದಿದ್ದನ್ನ ಎಸೆಯೋದು ಬಿಟ್ಟು ದುಡ್ಡು ಕೊಟ್ಟು ತಂದಿದೀಯಲ್ಲೋ!" ಅಂದರು ಅಮ್ಮ. ಆ ವಾಸನೆಗೆ ಉಳಿದ ನಾಲ್ಕನ್ನೂ ಯಾರೂ ಮುಟ್ಟಲಿಲ್ಲ.

ಮುಂದಿನ ಶನಿವಾರ ಅವರನ್ನೇ ಸಂತೆಗೆ ಕರೆದುಕೊಂಡು ಹೋದೆ. ಚೀಸ್ ಅಂಗಡಿಯವರು ಕೇಳಿದರೆ ತೆಳ್ಳಗೆ ಒಂದು ಚೂರು ಹೆರೆದು ರುಚಿಗೆ ಕೊಡುತ್ತಾರೆ. ಮನೆಯಲ್ಲಿ ಮಾಂಸ ಮುಟ್ಟುವುದಿಲ್ಲವಾದ್ದರಿಂದ ನಾನು ಮೊದಲು ಕೇಳುವುದು ರೆನೆಟ್ ಬಗ್ಗೆ. ಹಾಲು ಗಟ್ಟಿಯಾಗಲಿ ಅಂತ ಹಾಕುವ ಇದನ್ನು ಕರುವಿನ ಹೊಟ್ಟೆಯಿಂದಲೂ ತೆಗೆಯುತ್ತಾರೆ, ಕರುವಿನದ್ದು ಹಾಕದ ಚೀಸೂ ಬೇಕಾದಷ್ಟು ಸಿಗುತ್ತದೆ. ಇಟಲಿಯ ಅಸಲಿ ಪಾರ್ಮಿಜಾನೋ ರೆಜ್ಜಾನೋ ಚೀಸಿಗಂತೂ ಕರುವಿನದ್ದೇ ಆಗಬೇಕು, ಅದು ಅವರ ನಿಯಮ. ಹಾಗಾಗಿ ಅದನ್ನು ಪಟ್ಟಿಯಿಂದಲೇ ಬಿಟ್ಟೆ.

ಜೀರಿಗೆ ಹಾಕಿದ ಚೀಸ್ ಇಲ್ಲಿ ಹಳೇ ಕಾಲದಿಂದ ಇದೆ, ಲೈಡನ್ ಊರಿನ ಕಡೆಯದ್ದು. ಅದನ್ನು ಅಮ್ಮ ಸುಮ್ಮನೆ ತಿಂದರು. ಆಮೇಲೆ ಸಿಕ್ಕಿತು ಮೆಂತ್ಯದ ಗೌಡಾ. ಗೌಡಾ ಅಂದರೆ ಇಲ್ಲಿಯದೇ ಒಂದು ಚೀಸ್. ಕಾಳು ಕಾಳಾಗಿ ಮೆಂತ್ಯ, ಒಂಚೂರೂ ಕಹಿಯಿಲ್ಲ, ಅಕ್ರೋಟ್ ತಿಂದ ಹಾಗೆ. ಅಮ್ಮ ಇನ್ನೊಂದು ಚೂರಿಗೆ ತಾವೇ ಕೈ ಚಾಚಿದರು! ಅರ್ಧ ಕೆ.ಜಿ. ಕಟ್ಟಿಸಿದೆ.

ಮನೆಯಲ್ಲಿ ಕಲಿತದ್ದು: ತಿನ್ನುವ ಒಂದು ಗಂಟೆ ಮೊದಲೇ ಫ್ರಿಜ್‌ನಿಂದ ಹೊರಗಿಡಬೇಕು, ತಣ್ಣಗಿದ್ದರೆ ಎಲ್ಲ ಒಂದೇ ರುಚಿ. ಎಳೆಯದರಿಂದ ಶುರು ಮಾಡಿ ಹಳೆಯದಕ್ಕೆ ಹೋಗಬೇಕು. ಎಳೇ ಗೌಡಾ ಅಂದರೆ ಸುಮಾರು ನಾಲ್ಕು ವಾರದ್ದು, ಮೆತ್ತಗೆ, ಹಾಲಿನ ರುಚಿ. ವರ್ಷ ದಾಟಿದ್ದು ಕಂದು ಬಣ್ಣಕ್ಕೆ ತಿರುಗಿ, ಚಾಕು ಇಟ್ಟರೆ ಪುಡಿಪುಡಿಯಾಗುತ್ತದೆ. ಹಲ್ಲಿಗೆ ಕರ್ ಕರ್ ಅಂತ ಸಿಗುವ ಬಿಳಿ ಹರಳನ್ನು ಅಪ್ಪ ಉಪ್ಪು ಅಂದುಕೊಂಡಿದ್ದರು, ಅದು ಚೀಸ್ ಹಳತಾದಂತೆ ಅದರೊಳಗೇ ಕಟ್ಟುವ ಹರಳು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಅವರಿಗೆ ಈ ಹಳೆಯದು ಏನೂ ಮಾಡಲಿಲ್ಲ, ಇದರಲ್ಲಿ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಇಲ್ಲವೆನ್ನುವಷ್ಟು ಕಡಿಮೆ. ಹಾಂ, ಗೌಡಾದ ಹಳದಿ ಸಿಪ್ಪೆ ತಿನ್ನಬೇಡಿ, ಸಾಮಾನ್ಯವಾಗಿ ಅದು ಪ್ಲಾಸ್ಟಿಕ್ ಲೇಪ. ಅಪ್ಪ ಎರಡು ತುಂಡು ಅಗಿದ ಮೇಲೆ ನನಗೆ ಗೊತ್ತಾಯಿತು.

ಇಲ್ಲಿಯವರು ಚೀಸಿನ ಜೊತೆ ಸಾಸಿವೆಯ ಗೊಜ್ಜನ್ನೋ ಸೇಬಿನ ಪಾಕವನ್ನೋ ಇಟ್ಟುಕೊಳ್ಳುತ್ತಾರೆ. ಅಮ್ಮ ಊರಿಂದ ತಂದ ಜೋನಿ ಬೆಲ್ಲದಲ್ಲಿ ಹಳೇ ಗೌಡಾ ಅದ್ದಿದರು. ಇಷ್ಟು ವರ್ಷ ಇಲ್ಲಿದ್ದೂ ನನಗೆ ಹೊಳೆದಿರಲಿಲ್ಲ, ಸೇಬಿನ ಪಾಕಕ್ಕಿಂತ ಇದೇ ವಾಸಿ.

ಅವರು ಹೊರಡುವ ಮುಂಚೆ ಕನ್ನಡದ ನಾಲ್ಕು ಮನೆಯವರನ್ನು ಊಟಕ್ಕೆ ಕರೆದಿದ್ದೆವು. ಮಣೆ ಮೇಲೆ ಜೀರಿಗೆ, ಮೆಂತ್ಯ, ಎಳೆಯದು, ಹಳೆಯದು, ಪಕ್ಕದಲ್ಲಿ ಬೆಲ್ಲದ ಬಟ್ಟಲು. ಬಂದವರಿಗೆಲ್ಲ ಯಾವುದಾದ ಮೇಲೆ ಯಾವುದು ಅಂತ ಹೇಳಿಕೊಟ್ಟು ಬಡಿಸಿದ್ದು ಅಮ್ಮನೇ. ನೀಲಿಯದನ್ನೂ ತಂದಿದ್ದೆ, ಬೇರೆ ತಟ್ಟೆಯಲ್ಲಿ. ಅದನ್ನು ಅವರು ಬಾಲ್ಕನಿಗೆ ಸಾಗಿಸಿಬಿಟ್ಟಿದ್ದರು. ಬೇಕಾದವರು ಜಾಕೆಟ್ ಹಾಕಿಕೊಂಡು ಅಲ್ಲಿಗೇ ಹೋಗಿ ತಿಂದರು.