ಅಮಿಕಾಸಿನ್ ಬರೆಯುವ ಮೊದಲು ನಾನು ಕೇಳುವ ಪ್ರಶ್ನೆಗಳು

ಬದಿಯಡ್ಕದ ಆಸುಪಾಸಿನಲ್ಲಿ ಬಹುಕಾಲದಿಂದ ವೈದ್ಯವೃತ್ತಿ ಮಾಡುತ್ತಿರುವ ನಾನು ಜೆಂಟಾಮೈಸಿನ್, ಅಮಿಕಾಸಿನ್‌ಗಳನ್ನು, ಎಂದರೆ ಮೂತ್ರಪಿಂಡಕ್ಕೂ ಒಳಕಿವಿಗೂ ಹಾನಿ ಮಾಡಬಲ್ಲ ಆಂಟಿಬಯೋಟಿಕ್ ಇಂಜೆಕ್ಷನ್‌ಗಳನ್ನು, ಈಗಲೂ ಬಳಸುತ್ತೇನೆ. ಸೋಂಕು ಮೂತ್ರಪಿಂಡಕ್ಕೇರಿ ಚಳಿಜ್ವರದಿಂದ ನಡುಗುತ್ತಾ ಬಂದವರ ಕಲ್ಚರ್ ವರದಿಯಲ್ಲಿ (ಸೋಂಕಿನ ಬ್ಯಾಕ್ಟೀರಿಯಾಕ್ಕೆ ಯಾವ ಔಷಧಿ ನಾಟುತ್ತದೆಂದು ತಿಳಿಸುವ ಪರೀಕ್ಷೆ) ಮಾತ್ರೆಗಳೆಲ್ಲ ನಿಷ್ಪ್ರಯೋಜಕವೆಂದು ಕಂಡುಬಂದಾಗ, ಇವು ಇಂದಿಗೂ ಜೀವ ಉಳಿಸುವ ಔಷಧಿಗಳೇ. ಆದರೆ ಇವನ್ನು ಎಷ್ಟು ದಿನ ಕೊಡಬೇಕು, ಕೊಡುವಾಗ ರೋಗಿಯನ್ನು ಏನು ಕೇಳಬೇಕು ಎಂಬುದನ್ನು ನನಗೆ ಕಲಿಸಿದವರು ಅರುವತ್ತು ದಾಟಿದ ಒಬ್ಬ ಅಡಿಕೆ ಕೃಷಿಕರು.

ಆಗ ನಾನು ಹೊಸಬ. ಅವರಿಗೆ ಎಂಟು ಗಂಟೆಗೊಮ್ಮೆ 80 ಮಿಲಿಗ್ರಾಂ ಜೆಂಟಾಮೈಸಿನ್ ಕೊಡುತ್ತಿದ್ದೆ. ನಾಲ್ಕನೆಯ ದಿನವೇ ಜ್ವರ ಬಿಟ್ಟಿದ್ದರೂ ಕೋರ್ಸ್ ಪೂರ್ಣವಾಗಲಿ ಎಂದು ಹದಿನಾಲ್ಕು ದಿನ ಮುಂದುವರಿಸಿದೆ. ಎರಡು ಸಲ ನೋಡಿದ ಕ್ರಿಯಾಟಿನಿನ್ (ಮೂತ್ರಪಿಂಡ ಸೋತರೆ ರಕ್ತದಲ್ಲಿ ಏರುವ ಅಂಶ) ಸರಿಯಾಗಿಯೇ ಇತ್ತು. ಮನೆಗೆ ಹೋದ ಎರಡು ವಾರಗಳ ಬಳಿಕ ಅವರು ಬಂದು, "ಡಾಕ್ಟ್ರೇ, ಹಗಲಿನಲ್ಲಿ ಹೇಗೋ ಆಗುತ್ತದೆ. ಕತ್ತಲಾದ ಮೇಲೆ ತೋಟದ ಸಂಕ (ಕಾಲುಸೇತುವೆ) ದಾಟಲಿಕ್ಕೆ ಆಗುವುದಿಲ್ಲ. ನಡೆಯುವಾಗ ಎದುರಿನ ಮರಗಳೆಲ್ಲ ಅಲ್ಲಾಡಿದ ಹಾಗೆ ಕಾಣುತ್ತದೆ" ಎಂದರು. ಕಿವಿ ಚೆನ್ನಾಗಿ ಕೇಳುತ್ತಿತ್ತು, ತಲೆ ಸುತ್ತುತ್ತಿರಲಿಲ್ಲ; ಆದುದರಿಂದ ನಾನು ವಯಸ್ಸಿನ ಕಾರಣ ಹೇಳಿ ತಲೆಸುತ್ತಿನ ಮಾತ್ರೆ ಬರೆದುಕೊಟ್ಟೆ. ಹದಿನಾಲ್ಕು ದಿನ ಎಳೆದದ್ದು ಮೊದಲನೆಯ ತಪ್ಪಾದರೆ, ಇದು ಎರಡನೆಯದು. ಒಳಕಿವಿಯ ಸಮತೋಲನದ ಅಂಗ ಎರಡೂ ಬದಿಯಲ್ಲಿ ಏಕಕಾಲಕ್ಕೆ ಕೆಟ್ಟರೆ ತಲೆ ಸುತ್ತಬೇಕೆಂದಿಲ್ಲ. ಕಣ್ಣಿನ ಆಸರೆಯಿರುವ ತನಕ ನಡಿಗೆ ನಡೆಯುತ್ತದೆ, ಕತ್ತಲಲ್ಲಿ ಕೈಕೊಡುತ್ತದೆ. ಆ ಮಾತ್ರೆಗಳಾದರೋ ಮಿದುಳು ಈ ನಷ್ಟಕ್ಕೆ ಹೊಂದಿಕೊಳ್ಳುವುದನ್ನೇ ನಿಧಾನಗೊಳಿಸುತ್ತವೆ.

ಮೂತ್ರಪಿಂಡದ ನಳಿಕೆಗಳ ಜೀವಕೋಶಗಳು ಮತ್ತೆ ಬೆಳೆಯುತ್ತವೆ, ಆದುದರಿಂದ ಏರಿದ ಕ್ರಿಯಾಟಿನಿನ್ ಹೆಚ್ಚಾಗಿ ಇಳಿಯುತ್ತದೆ. ಶಬ್ದ, ಚಲನೆಗಳನ್ನು ಗ್ರಹಿಸುವ ಒಳಕಿವಿಯ ರೋಮಕೋಶಗಳು ಹೋದರೆ ಹೋದವೇ. ಹೀಗಿದ್ದೂ ನಾವು ಪ್ರತಿದಿನ ನೋಡುವುದು ಕ್ರಿಯಾಟಿನಿನ್‌ನ ಅಂಕೆಯನ್ನು ಮಾತ್ರ, ಅದು ಸರಿಯಿದ್ದರೆ ಕಿವಿಯೂ ಸುರಕ್ಷಿತವೆಂದು ನಂಬಿಬಿಡುತ್ತೇವೆ.

ಆ ಅಂಕೆಯಾದರೂ ಪೂರ್ತಿ ಸತ್ಯ ಹೇಳುವುದಿಲ್ಲ. ಬೀಡಿ ಕಟ್ಟುವ, 68 ವರ್ಷದ, 42 ಕಿಲೋ ತೂಕದ ಅಮ್ಮ ಒಬ್ಬರ ಕ್ರಿಯಾಟಿನಿನ್ 1.1 ಇತ್ತು, ವರದಿಯಲ್ಲಿ ಅದು ಸಾಮಾನ್ಯ. ಕಾಕ್‌ಕ್ರಾಫ್ಟ್–ಗಾಲ್ಟ್ ಸೂತ್ರದಂತೆ 140ರಿಂದ ವಯಸ್ಸನ್ನು ಕಳೆದು, ತೂಕದಿಂದ ಗುಣಿಸಿ, ಕ್ರಿಯಾಟಿನಿನ್‌ನ 72 ಪಾಲಿನಿಂದ ಭಾಗಿಸಿ, ಹೆಂಗಸಾದ್ದರಿಂದ 0.85ರಿಂದ ಗುಣಿಸಿದಾಗ ಮೂತ್ರಪಿಂಡದ ಸೋಸುವ ವೇಗವೆಂದು ಬಂದದ್ದು ನಿಮಿಷಕ್ಕೆ ಸುಮಾರು 32 ಮಿಲಿಲೀಟರ್, ಅದು ಬಹಳ ಕಡಿಮೆ. ಅಂಥವರಿಗೆ ದಿನಕ್ಕೊಂದು ಡೋಸ್ ಎಂಬ ರೂಢಿಯ ಲೆಕ್ಕ ಸಲ್ಲದು. ಡೋಸ್‌ಗಳ ಅಂತರ ಹೆಚ್ಚಿಸಬೇಕು, ಇಲ್ಲವೇ ನಾನು ಮಾಡಿದಂತೆ ಬೇರೆ ಔಷಧಿ ಆರಿಸಬೇಕು.

ಮೂತ್ರಪಿಂಡ ಗಟ್ಟಿಯಿರುವ ಬಹುತೇಕ ವಯಸ್ಕರಿಗೆ ಈಗ ಅಮಿಕಾಸಿನ್ ಕಿಲೋಗೆ 15 ಮಿಲಿಗ್ರಾಂನಂತೆ ದಿನಕ್ಕೊಮ್ಮೆ ಕೊಡುತ್ತೇನೆ. ರಕ್ತದಲ್ಲಿ ಮಟ್ಟ ಎತ್ತರಕ್ಕೇರಿದಷ್ಟೂ ಈ ಔಷಧಿ ಬ್ಯಾಕ್ಟೀರಿಯಾಗಳನ್ನು ಚುರುಕಾಗಿ ಕೊಲ್ಲುತ್ತದೆ, ಮಟ್ಟ ಇಳಿದ ಮೇಲೂ ಕೆಲವು ಗಂಟೆ ಅವು ತಲೆಯೆತ್ತುವುದಿಲ್ಲ. ಆ ಬಿಡುವಿನಲ್ಲಿ ಮೂತ್ರಪಿಂಡದ ಕೋಶಗಳಲ್ಲಿ ಔಷಧಿಯ ಶೇಖರಣೆಯೂ ಕಡಿಮೆಯಾಗುತ್ತದೆ.

ಮೊದಲ ಸೂಜಿಗೆ ಮುನ್ನ ಕೆಲವು ಪ್ರಶ್ನೆಗಳಿವೆ. ಬೆನ್ನುನೋವಿಗೆಂದು ಮೆಡಿಕಲ್‌ನಿಂದ ಡೈಕ್ಲೋಫೆನಾಕ್ ತಂದು ತಿನ್ನುತ್ತಿದ್ದೀರಾ? ನೀರಿಳಿಸುವ ಮಾತ್ರೆ ಇದೆಯೇ? ತಾಯಿಯ ಕಡೆಯವರಲ್ಲಿ ಯಾರಿಗಾದರೂ ಇಂಜೆಕ್ಷನ್‌ನ ಬಳಿಕ ಕಿವಿ ಹೋದದ್ದುಂಟೇ? ಮೈಟೊಕಾಂಡ್ರಿಯಾದ ಒಂದು ದೋಷ ತಾಯಿಯಿಂದ ಮಾತ್ರ ಬರುತ್ತದೆ, ಅದಿರುವವರ ಶ್ರವಣ ಒಂದೇ ಡೋಸ್‌ನಿಂದಲೂ ಹೋಗಬಹುದು. ಅಳಿಯಸಂತಾನದ ನೆನಪು ಇನ್ನೂ ಉಳಿದಿರುವ ನಮ್ಮ ಕಾಸರಗೋಡಿನಲ್ಲಿ ತಾಯಿಯ ಕಡೆಯ ಬಂಧುಗಳ ವಿವರ ಕೇಳಿದರೆ ಅನೇಕರು ಎರಡು ತಲೆಮಾರಿನದನ್ನು ಥಟ್ಟನೆ ಹೇಳುತ್ತಾರೆ.

ಕಲ್ಚರ್ ವರದಿ ಎರಡು ಮೂರು ದಿನದಲ್ಲಿ ಕೈಗೆ ಬರುತ್ತದೆ. ಬೇರೆ ದಾರಿಯಿದ್ದರೆ ಅಂದೇ ಬದಲಿಸುತ್ತೇನೆ. ಇಲ್ಲವಾದರೆ ಎಷ್ಟನೆಯ ದಿನವೆಂದು ಚಾರ್ಟಿನಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತೇನೆ. ಐದನೆಯ ದಿನದಿಂದಾಚೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುವ ಸಂಭವ ಹೆಚ್ಚು, ಆದರೂ ಮೂತ್ರದ ಪ್ರಮಾಣ ಇಳಿಯದೆ ಇರುವುದರಿಂದ ಮನೆಯವರಿಗೆ ಸುಳಿವೇ ಸಿಗುವುದಿಲ್ಲ. ಪ್ರತಿ ಬೆಳಗ್ಗೆ ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರಗಳನ್ನು ಮೊದಲು ತಲೆ ಅಲ್ಲಾಡಿಸದೆ, ಆಮೇಲೆ ನಾನು ಅವರ ತಲೆಯನ್ನು ಬೇಗಬೇಗನೆ ಎಡಬಲಕ್ಕೆ ತಿರುಗಿಸುತ್ತಿರುವಾಗ ಓದಿಸುತ್ತೇನೆ. ನಿನ್ನೆ ಓದಿದ ಅಕ್ಷರ ಇಂದು ಕಲಸಿದಂತೆ ಕಂಡರೆ ಅಂದಿನ ಡೋಸ್ ಕೊಡುವುದಿಲ್ಲ.

ಆ ಕೃಷಿಕರು ಸಮತೋಲನದ ವ್ಯಾಯಾಮ ಮಾಡಿ ಬಹಳ ಮಟ್ಟಿಗೆ ಸುಧಾರಿಸಿದರು. ಸಂಕದ ಎರಡೂ ಬದಿಗೆ ಹಿಡಿದುಕೊಳ್ಳಲು ಅವರ ಮಗ ಅಡಿಕೆ ಸಲಾಕೆ ಕಟ್ಟಿದ್ದಾನೆ.